ಕೊಟ್ಟಿಗೆಯಲ್ಲಿ ಒಂಟಿಯಾಗಿ ಕಟ್ಟಿದ ದನ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಹಾಲಿಗೆ ಅಂತ ಒಂದೇ ಹಸು ಕಟ್ಟಿಕೊಂಡವರು, ಡೇರಿಗೆ ಹಾಕಲು ಒಂದು ಸೀಮೆ ಹಸು ಸಾಕುವವರು, ಕರುವನ್ನೋ ಹೋರಿಯನ್ನೋ ಬೇರೆ ಕಡೆ ಕಟ್ಟಿರುವವರು ಕೇಳುವ ಪ್ರಶ್ನೆಗಳು ಇವು. ಮೇವು, ಕಾಯಿಲೆ, ಹಾಲಿನ ರೇಟಿನ ಬಗ್ಗೆ ಮಾಹಿತಿ ಎಲ್ಲ ಕಡೆ ಸಿಗುತ್ತದೆ. ಕಟ್ಟಿದ ದನ ಇಡೀ ದಿನ ಹೇಗೆ ಕಳೆಯುತ್ತದೆ ಅನ್ನುವ ಬಗ್ಗೆ ಮಾತು ಕಡಿಮೆ. ಇಲ್ಲಿ ಇರುವುದು ಅದೇ.

ಮೇವು, ನೀರು, ಔಷಧಿ ಯಾವುದಕ್ಕೂ ಕಡಿಮೆ ಮಾಡಿಲ್ಲ. ಹಸುವಿಗೆ ಇನ್ನೇನು ಬೇಕು?

ಹೊಟ್ಟೆ ತುಂಬಿದ ಮೇಲೂ ಹೊತ್ತು ಹೋಗಬೇಕಲ್ವಾ? ಬಯಲಲ್ಲಿ ಮೇಯುವ ಹಸು ದಿನಕ್ಕೆ ಸುಮಾರು 8 ಗಂಟೆ ಮೇಯುತ್ತದೆ. ಹೆಚ್ಚುಕಮ್ಮಿ ಅಷ್ಟೇ ಹೊತ್ತು ಮೆಲುಕು ಹಾಕುತ್ತದೆ. 10ರಿಂದ 12 ಗಂಟೆ ಮಲಗುತ್ತದೆ. ಮೆಲುಕಿನ ಹೆಚ್ಚು ಪಾಲು ಮಲಗಿದಾಗಲೇ ನಡೆಯುತ್ತದೆ. ನಡುವೆ ನಡೆದಾಡುತ್ತದೆ, ಮರಕ್ಕೆ ಮೈ ಉಜ್ಜುತ್ತದೆ, ಬೇಲಿಯ ಸೊಪ್ಪಿಗೆ ಬಾಯಿ ಹಾಕುತ್ತದೆ, ಜೊತೆಯ ಹಸುವಿನ ಕುತ್ತಿಗೆ ನೆಕ್ಕುತ್ತದೆ.

ಕಟ್ಟಿದ ಹಸುವಿಗೆ ಇದರಲ್ಲಿ ಎಷ್ಟು ಉಳಿಯುತ್ತದೆ ನೋಡಿ. ಹಿಂಡಿ, ಬೂಸಾ ಹತ್ತು ನಿಮಿಷದಲ್ಲಿ ಖಾಲಿ. ಯಂತ್ರದಲ್ಲಿ ಸಣ್ಣಗೆ ಕತ್ತರಿಸಿದ ಹುಲ್ಲೂ ಬೇಗ ಮುಗಿಯುತ್ತದೆ. ಹುಲ್ಲನ್ನು ಸುತ್ತಿ, ಎಳೆದು, ಕಿತ್ತು ತಿನ್ನಲು ಬೆಳೆದ ನಾಲಿಗೆ ಅದರದು. ಆ ನಾಲಿಗೆಗೆ ಕೆಲಸವೇ ಇಲ್ಲ. ಉಳಿದ ಹೊತ್ತೆಲ್ಲ ಗೋಡೆ ನೋಡಿಕೊಂಡು ನಿಲ್ಲಬೇಕು. ಹಸು ಸೊರಗಿಲ್ಲ, ಹಾಲು ಕೊಡುತ್ತಿದೆ, ಹಾಗಾಗಿ ಚೆನ್ನಾಗಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಅಷ್ಟೇ ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಲಗುವುದು, ನೆಕ್ಕುವುದು, ಎಳೆದು ತಿನ್ನುವುದು, ಉಜ್ಜಿಕೊಳ್ಳುವುದು, ನಡೆಯುವುದು, ಇನ್ನೊಂದು ಜೀವವನ್ನು ನೋಡುವುದು, ಇವೂ ಅದಕ್ಕೆ ಬೇಕು. ಇವುಗಳಲ್ಲಿ ಬಹುಪಾಲನ್ನು ಒಂದೇ ಹಸುವಿನ ಸಣ್ಣ ಕೊಟ್ಟಿಗೆಯಲ್ಲೂ ಕೊಡಬಹುದು.

ನಮ್ಮ ಹಸು ಬಾಯಿ ತೆರೆದು ನಾಲಿಗೆಯನ್ನು ಸುಮ್ನೆ ಸುತ್ತಿಸುತ್ತಾ ನಿಲ್ಲುತ್ತದೆ. ಇದು ಯಾವ ಕಾಯಿಲೆ?

ಬಾಯಿಯ ಒಳಗೋ ಹೊರಗೋ ನಾಲಿಗೆಯನ್ನು ವೃತ್ತದಂತೆ ಸುತ್ತಿಸುತ್ತದೆ, ಒಂದೇ ಕಡೆ ದೃಷ್ಟಿ ನೆಟ್ಟಿರುತ್ತದೆ, ನಿಮಿಷಗಟ್ಟಲೆ ನಿಲ್ಲಿಸುವುದಿಲ್ಲ. ಇದನ್ನೇ ಹೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಕೆಲವು ಹಸುಗಳು ಇದರ ಬದಲು ಗೋದಲಿಯ ಅಂಚನ್ನು ಕಚ್ಚುತ್ತವೆ, ಕಂಬಿ ನೆಕ್ಕುತ್ತವೆ, ಸರಪಳಿ ಬಾಯಲ್ಲಿ ಹಿಡಿದು ಆಡಿಸುತ್ತವೆ. ಮೇವು ಹಾಕುವ ಸ್ವಲ್ಪ ಮುಂಚೆ ಮತ್ತು ತಿಂದು ಮುಗಿಸಿದ ಕೂಡಲೇ ಇದು ಜಾಸ್ತಿ.

ಇದು ಅಂಟುಜಾಡ್ಯ ಅಲ್ಲ, ದೃಷ್ಟಿ ತಾಗಿದ್ದೂ ಅಲ್ಲ. ಮೇಯುವಾಗ ನಾಲಿಗೆ ಮಾಡಬೇಕಾಗಿದ್ದ ಕೆಲಸ ದಾರಿ ಸಿಗದೆ ಹೀಗೆ ಹೊರಬರುತ್ತದೆ. ಸ್ವೀಡನ್ನಿನ ಸಂಶೋಧಕಿ ಇಂಗ್ರಿಡ್ ರೆಡ್ಬೊ 1990ರ ಹೊತ್ತಿಗೆ ಕಟ್ಟಿದ ಪಡ್ಡೆಗಳನ್ನು (ಇನ್ನೂ ಕರು ಹಾಕದ ಎಳೆ ಹಸುಗಳನ್ನು) ಇದಕ್ಕೆಂದೇ ಗಮನಿಸಿದರು. ಕಟ್ಟಿದ್ದಾಗ ಕಾಣುತ್ತಿದ್ದ ಈ ಚಟ, ಹುಲ್ಲುಗಾವಲಿಗೆ ಬಿಟ್ಟಾಗ ನಿಂತಿತು. ಮತ್ತೆ ತಂದು ಕಟ್ಟಿದಾಗ ಮರಳಿ ಬಂತು. ಕಾರಣ ಹಸುವಿನ ಗುಣದಲ್ಲಿ ಮಾತ್ರ ಇಲ್ಲ, ನಾವು ಇಟ್ಟಿರುವ ರೀತಿಯಲ್ಲೂ ಇದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಎಲ್ಲ ಹಸುವೂ ಹೀಗೆ ಮಾಡುವುದಿಲ್ಲ. ಕೆಲವು ವಂಶಗಳಲ್ಲಿ ಜಾಸ್ತಿ. ಏನೂ ಮಾಡದೆ ಮಂಕಾಗಿ ನಿಲ್ಲುವ ಹಸು ಸುಖವಾಗಿದೆ ಅಂತಲೂ ಹೇಳಲಾಗದು.

ನಾಲಿಗೆಗೆ ಪೆಟ್ಟು ಕೊಡುವುದು, ಬಾಯಿ ಕಟ್ಟುವುದು, ಬೈಯುವುದು ಯಾವುದೂ ಬೇಡ. ಒಣಹುಲ್ಲು ಜಾಸ್ತಿ ಮಾಡಿ, ಮೇವನ್ನು ಹಂಚಿ ಹಾಕಿ, ದಿನಾ ಹೊರಗೆ ಬಿಡಿ. ವರ್ಷಗಳಿಂದ ಬೇರೂರಿದ ಚಟ ಪೂರ್ತಿ ಹೋಗದೇ ಇರಬಹುದು, ಕಡಿಮೆ ಅಂತೂ ಆಗುತ್ತದೆ.

ಮಣ್ಣು, ಬಟ್ಟೆ, ಹಗ್ಗ, ಗೋಡೆಯ ಸುಣ್ಣ ತಿನ್ನುತ್ತದೆ. ಇದೂ ಬೇಸರಕ್ಕೇನಾ?

ಇದನ್ನು ಬೇರೆಯಾಗಿ ನೋಡಬೇಕು. ಹೀಗೆ ಕಂಡಕಂಡದ್ದನ್ನು ತಿನ್ನುವುದಕ್ಕೆ ರಂಜಕದ (ಫಾಸ್ಫರಸ್) ಕೊರತೆ, ಉಪ್ಪಿನ ಕೊರತೆ, ಹೊಟ್ಟೆಹುಳ ಮುಖ್ಯ ಕಾರಣಗಳು. ಮೊದಲು ಜಂತುಹುಳದ ಔಷಧಿ, ಖನಿಜ ಮಿಶ್ರಣ, ಉಪ್ಪು. ಪಶುವೈದ್ಯರಿಗೆ ತೋರಿಸಿಯೇ ಮುಂದುವರಿಯಿರಿ. ಕರು ಹಾಕಿದ ಕೆಲವೇ ವಾರದಲ್ಲಿ ಹಸು ಇದ್ದಕ್ಕಿದ್ದಂತೆ ಗೋಡೆ, ತನ್ನ ಮೈ, ಕಂಬ ಎಲ್ಲವನ್ನೂ ಹುಚ್ಚಾಗಿ ನೆಕ್ಕತೊಡಗಿದರೆ ಅದು ಕೀಟೋಸಿಸ್, ಅಂದರೆ ಮೈಗೆ ಶಕ್ತಿ ಸಾಲದೆ ಬರುವ ಕಾಯಿಲೆ ಇರಬಹುದು. ಆಗ ಅದೇ ದಿನ ಡಾಕ್ಟರನ್ನು ಕರೆಸಿ.

ಹಗ್ಗ ಎಷ್ಟು ಉದ್ದ ಇರಬೇಕು?

ಅಳತೆಪಟ್ಟಿಗಿಂತ ಹಸುವನ್ನೇ ನೋಡಿ ನಿರ್ಧರಿಸುವುದು ಒಳ್ಳೆಯದು. ನಾಲ್ಕು ಕೆಲಸ ಅದಕ್ಕೆ ಆಗಬೇಕು. ತಡೆಯಿಲ್ಲದೆ ಮಲಗಿ ಏಳಬೇಕು. ಮಲಗಿದಾಗ ಕತ್ತು ಹಿಂದಕ್ಕೆ ತಿರುಗಿಸಿ ತಲೆಯನ್ನು ಪಕ್ಕೆಯ ಮೇಲೆ ಇಡಬೇಕು. ನಿಂತಾಗ ಬೆನ್ನು, ತೊಡೆ ನೆಕ್ಕಬೇಕು. ಮೇವಿಗೂ ನೀರಿಗೂ ಬಾಯಿ ತಲುಪಬೇಕು.

ಎರಡನೆಯದನ್ನು ಜನ ಮರೆಯುತ್ತಾರೆ. ಹಸುವಿಗೆ ಗಾಢ ನಿದ್ದೆ ಬರುವುದು ತಲೆಗೆ ಆಧಾರ ಸಿಕ್ಕಾಗ. ತಲೆ ತಿರುಗಿಸಲಾಗದಷ್ಟು ಗಿಡ್ಡ ಹಗ್ಗ ಹಾಕಿದರೆ ನಿದ್ದೆಯನ್ನೇ ಕಿತ್ತುಕೊಂಡಂತೆ. ಹಗ್ಗ ಉದ್ದವಾದರೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ ಅನ್ನುವ ಭಯ ನಿಜವೇ. ಗೂಟದ ಬದಲು ನಿಲುವಾದ ಕಂಬಿಗೆ ಜಾರುವ ಬಳೆ ಹಾಕಿ ಹಗ್ಗ ಕಟ್ಟಿದರೆ, ಹಸು ಮಲಗಿದಾಗ ಬಳೆ ಕೆಳಗೆ ಬರುತ್ತದೆ, ಎದ್ದಾಗ ಮೇಲೆ ಹೋಗುತ್ತದೆ. ಸಿಕ್ಕು ಬೀಳುವುದು ಕಡಿಮೆ. ಬಳೆ, ಕಂಬಿ ವೆಲ್ಡಿಂಗ್ ಅಂಗಡಿಯಲ್ಲಿ ಸಿಗುತ್ತವೆ.

ಸದಾ ಕಟ್ಟಿಡುವ ಹಗ್ಗ ಕುತ್ತಿಗೆಗಿರಲಿ. ಮೂಗುದಾರಕ್ಕೆ ಹಗ್ಗ ಬಿಗಿದು ದಿನವಿಡೀ ಕಟ್ಟಬೇಡಿ. ನೊಣಕ್ಕೆ ತಲೆ ಕೊಡವಿದಾಗಲೂ ನೋವಾಗುತ್ತದೆ.

ಹಸು ಜಾಸ್ತಿ ಹೊತ್ತು ನಿಂತೇ ಇರುತ್ತದೆ. ಅದು ಅದರ ಸ್ವಭಾವವೇ?

ಅಲ್ಲ. ಹಸುವಿಗೆ ಮಲಗುವುದು ಎಷ್ಟು ಮುಖ್ಯ ಅಂದರೆ, ತುಂಬಾ ಹೊತ್ತು ಮಲಗಲು ಬಿಡದೆ ಇಟ್ಟು, ಆಮೇಲೆ ಮಲಗಲೂ ತಿನ್ನಲೂ ಅವಕಾಶ ಕೊಟ್ಟರೆ ಅದು ಮೊದಲು ಮಲಗುತ್ತದೆ. ಮಲಗಿದಾಗ ಕೆಚ್ಚಲಿಗೆ ಹರಿಯುವ ರಕ್ತ ಜಾಸ್ತಿಯಾಗುತ್ತದೆ, ಗೊರಸಿಗೆ ವಿಶ್ರಾಂತಿ ಸಿಗುತ್ತದೆ. ಹಾಗಾಗಿ ನಿಂತೇ ಇರುವ ಹಸುವಿಗೆ ಏನೋ ಅಡ್ಡಿಯಾಗಿದೆ ಅಂತಲೇ ಲೆಕ್ಕ.

ಸಾಮಾನ್ಯ ಅಡ್ಡಿಗಳು ಮೂರು. ಒಂದು, ಗಟ್ಟಿ ನೆಲ. ಸಿಮೆಂಟು, ಚಪ್ಪಡಿ ತೊಳೆಯಲು ನಮಗೆ ಸುಲಭ, ಆದರೆ ಮೊಣಕಾಲೂರಿ ಕೂರಬೇಕಾದ ಹಸುವಿಗೆ ಕಷ್ಟ. ಎರಡು, ಒದ್ದೆ. ಇದನ್ನು ನೀವೇ ಪರೀಕ್ಷೆ ಮಾಡಬಹುದು: ಹಸು ಮಲಗುವ ಜಾಗದಲ್ಲಿ ಹತ್ತಿಪ್ಪತ್ತು ಸೆಕೆಂಡು ಮೊಣಕಾಲೂರಿ ಕೂತು ಏಳಿ. ಬಟ್ಟೆ ಒದ್ದೆಯಾದರೆ ಹಾಸಿಗೆ ಒದ್ದೆ. ನಿಮ್ಮ ಮೊಣಕಾಲು ನೊಂದರೆ ಅದರದೂ ನೊಂದಿರುತ್ತದೆ. ಮೂರು, ಮುಂದೆ ಜಾಗ ಇಲ್ಲದಿರುವುದು. ಹಸು ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ತಲೆಯನ್ನು ಜೋರಾಗಿ ಮುಂದಕ್ಕೆ ಚಾಚುತ್ತದೆ. ಮುಂದೆ ಎತ್ತರದ ಗೋದಲಿಯೋ ಗೋಡೆಯೋ ಇದ್ದರೆ ಏಳಲು ಒದ್ದಾಡುತ್ತದೆ. ಕೆಲವು ಹಸು ಕುದುರೆಯ ಹಾಗೆ ಮುಂಗಾಲು ಮೊದಲು ಎತ್ತಿ ಏಳುವುದನ್ನು ಕಲಿತಿರುತ್ತವೆ. ಹಾಗೆ ಕಂಡರೆ ಕೊಟ್ಟಿಗೆಯನ್ನು ತಿದ್ದಬೇಕು.

ರಬ್ಬರ್ ಮ್ಯಾಟ್ ಒಳ್ಳೆಯದು. ಆದರೆ ಮ್ಯಾಟ್ ಹಾಕಿದ ಮೇಲೆ ಹಾಸಿಗೆ ಬೇಡ ಅಂದುಕೊಳ್ಳಬೇಡಿ. ಮೇಲೆ ಒಣಹುಲ್ಲು, ಮರದ ಹೊಟ್ಟು, ತೆಂಗಿನ ನಾರಿನ ಪುಡಿ ಏನಾದರೂ ಹರಡಿ. ಮಲೆನಾಡಲ್ಲಿ ಬೆಟ್ಟದಿಂದ ತಂದ ಸೊಪ್ಪು, ದರಕು (ಒಣಗಿದ ಎಲೆ) ಹಾಸುವ ಪದ್ಧತಿ ಇದೆ. ಗೊಬ್ಬರಕ್ಕೂ ಆಯಿತು, ಮೆತ್ತಗೂ ಆಯಿತು. ಸಿಮೆಂಟಿನ ಕೊಟ್ಟಿಗೆ ಬಂತು ಅಂತ ಅದನ್ನು ಕೈಬಿಟ್ಟವರು ದಯವಿಟ್ಟು ಮತ್ತೆ ಶುರುಮಾಡಿ.

ಸೆಕೆಯೂ ಒಂದು ಕಾರಣ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಸೀಮೆ ಹಸು ಬಿಸಿಲಿನ ತಾಪಕ್ಕೆ ಮೈ ತಣಿಸಿಕೊಳ್ಳಲು ನಿಂತೇ ಇರುತ್ತದೆ. ತಗಡಿನ ಮಾಡಿದ್ದರೆ ಮೇಲೆ ತೆಂಗಿನ ಗರಿ ಹೊದಿಸಿ, ಮಧ್ಯಾಹ್ನ ಮೈಮೇಲೆ ನೀರು ಹಾಕಿ, ಗಾಳಿ ಆಡಲು ಬಿಡಿ.

ಮೇವು ಹಾಕುವ ರೀತಿಯಲ್ಲಿ ಏನು ಬದಲಾಯಿಸಬೇಕು?

ಅಷ್ಟೇ ಮೇವನ್ನು ಹೆಚ್ಚು ಹೊತ್ತಿಗೆ ಹಿಗ್ಗಿಸಬೇಕು. ಬೆಳಿಗ್ಗೆ, ಸಂಜೆ ಎರಡೇ ಸಲ ರಾಶಿ ಹಾಕುವ ಬದಲು ನಾಲ್ಕೈದು ಸಲ ಹಂಚಿ. ರಾತ್ರಿ ಮಲಗುವ ಮುಂಚೆ ಒಂದು ಹೊರೆ ರಾಗಿ ಹುಲ್ಲೋ ಭತ್ತದ ಹುಲ್ಲೋ ಹಾಕಿಹೋಗಿ. ರಾತ್ರಿಯೆಲ್ಲ ಖಾಲಿ ಗೋದಲಿ ಮುಂದೆ ನಿಲ್ಲುವ ಹಸು ಎಷ್ಟೋ ಮನೆಗಳಲ್ಲಿ ಇದೆ.

ಎಲ್ಲ ಹುಲ್ಲನ್ನೂ ಸಣ್ಣಗೆ ಕತ್ತರಿಸಬೇಡಿ. ಕತ್ತರಿಸಿದರೆ ಮೇವು ಹಾಳಾಗುವುದು ಕಡಿಮೆ, ನಿಜ. ಆದರೆ ಸ್ವಲ್ಪವನ್ನಾದರೂ ಉದ್ದವಾಗಿಯೇ ಹಾಕಿ. ಅಗಸೆ, ಹಲಸು, ಬಿದಿರಿನ ಸೊಪ್ಪಿನ ಕೊಂಬೆಯನ್ನು ಕತ್ತಿನ ಎತ್ತರಕ್ಕೆ ಕಟ್ಟಿ ತೂಗುಬಿಡಿ. ಎಲೆ ಎಳೆದು, ತಿರುಗಿಸಿ, ಕಿತ್ತು ತಿನ್ನುವುದರಲ್ಲಿ ಹಸು ಮೈಮರೆಯುತ್ತದೆ. ಹುಲ್ಲನ್ನು ದೊಡ್ಡ ಕಣ್ಣಿನ ಬಲೆಚೀಲದಲ್ಲಿ ತುಂಬಿ ಕಟ್ಟುವವರೂ ಇದ್ದಾರೆ. ಕೋಡಿರುವ ಹಸುವಿಗೆ ಅದು ಬೇಡ, ಕೋಡು ಸಿಕ್ಕಿಕೊಳ್ಳುತ್ತದೆ.

ಉಪ್ಪು, ಖನಿಜದ ನೆಕ್ಕುವ ಗಟ್ಟಿಯನ್ನು ಗೋದಲಿಯ ಪಕ್ಕ ಕಟ್ಟಿ. ಯೂರಿಯಾ ಸೇರಿಸಿದ ಗಟ್ಟಿಯನ್ನು ಆರು ತಿಂಗಳೊಳಗಿನ ಕರುವಿಗೆ ಸಿಗದಂತೆ ಇಡಿ.

ನೀರು ಸದಾ ಮುಂದಿರಲಿ. ಹಾಲು ಕೊಡುವ ಸೀಮೆ ಹಸು ಬೇಸಿಗೆಯಲ್ಲಿ ದಿನಕ್ಕೆ 80 ಲೀಟರ್ ದಾಟಿ ಕುಡಿಯಬಲ್ಲದು. ಎರಡು ಹೊತ್ತು ಕಲಗಚ್ಚು ಇಟ್ಟರೆ ಸಾಕು ಅನ್ನುವುದು ತಪ್ಪು.

ಒಂದು ಎಚ್ಚರಿಕೆ. ಹಸುವಿಗೆ ಖುಷಿಯಾಗಲಿ ಅಂತ ಹಬ್ಬದ ಮಿಕ್ಕ ಅನ್ನ, ಪಾಯಸ, ಮುದ್ದೆಯನ್ನು ಒಟ್ಟಿಗೆ ಸುರಿಯಬೇಡಿ. ಹೊಟ್ಟೆಯಲ್ಲಿ ಆಮ್ಲ ಏರಿ ಒಂದೇ ದಿನದಲ್ಲಿ ಹಸು ಸಾಯಬಹುದು. ಎಳೆ ಜೋಳದ ಪೈರೂ ವಿಷ.

ಮೈ ಉಜ್ಜಿಕೊಳ್ಳಲು ಬ್ರಷ್ ಹಾಕಿ ಅನ್ನುತ್ತಾರೆ. ಅದೆಲ್ಲ ದೊಡ್ಡ ಫಾರ್ಮ್‌ಗಳ ಶೋಕಿ ಅಲ್ವಾ?

ಶೋಕಿ ಅಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಭಾರ ಹೇರಿದ ಬಾಗಿಲು ತಳ್ಳಿದರೆ ಮಾತ್ರ ಬ್ರಷ್ ಸಿಗುವ ಹಾಗೆ ಮಾಡಿದರು. ದಿನದಿನಕ್ಕೆ ಭಾರ ಜಾಸ್ತಿ ಮಾಡುತ್ತಾ ಹೋದರು. ತಾಜಾ ಮೇವಿಗೆ ಎಷ್ಟು ಭಾರ ತಳ್ಳಿದವೋ ಬ್ರಷ್‌ಗೂ ಹಸುಗಳು ಅಷ್ಟೇ ತಳ್ಳಿದವು. ಇದನ್ನು ಓದಿದಾಗಿನಿಂದ ಕಟ್ಟಿದ ಹಸು ಕಂಬಕ್ಕೆ ಕತ್ತು ಚಾಚುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಕರೆಂಟಿನಲ್ಲಿ ತಿರುಗುವ ಬ್ರಷ್ ಒಂದು ಹಸುವಿಗೆ ಬೇಕಿಲ್ಲ. ರಸ್ತೆ ಗುಡಿಸುವ ಗಟ್ಟಿ ಪೊರಕೆಯ ತಲೆಯನ್ನೋ, ನೆಲ ಉಜ್ಜುವ ಬ್ರಷ್ಷನ್ನೋ ಕಂಬಕ್ಕೆ ಗಟ್ಟಿಯಾಗಿ ಬಿಗಿಯಿರಿ. ಒಂದು ಭುಜದ ಎತ್ತರಕ್ಕೆ, ಇನ್ನೊಂದು ಸ್ವಲ್ಪ ಮೇಲೆ. ಕಂಬಕ್ಕೆ ದಪ್ಪ ತೆಂಗಿನ ಹುರಿ ಸುತ್ತಿದರೂ ನಡೆಯುತ್ತದೆ. ಮೊಳೆ, ತಂತಿಯ ತುದಿ ಹೊರಗೆ ಚಾಚಿರಬಾರದು. ತಂತಿಯ ತುಂಡು ನುಂಗಿದರೆ ಅದು ಹೊಟ್ಟೆಯಿಂದ ಹೃದಯದವರೆಗೂ ಚುಚ್ಚಬಹುದು. ಬಾಲದ ಬುಡ, ತಲೆಯ ನೆತ್ತಿ, ಕಿವಿಯ ಹಿಂದೆ, ಇಲ್ಲೆಲ್ಲ ಅದಕ್ಕೆ ನಾಲಿಗೆ ತಲುಪುವುದಿಲ್ಲ. ಹಾಲು ಕರೆದ ಮೇಲೆ ಐದು ನಿಮಿಷ ಅಲ್ಲಿ ನೀವೇ ಉಜ್ಜಿ ಕೊಡಿ. ರಕ್ತ ಹೀರುವ ಉಣ್ಣೆಹುಳ ಇದೆಯಾ ಅಂತ ನೋಡಿದ ಹಾಗೂ ಆಗುತ್ತದೆ. ಇದ್ದಕ್ಕಿದ್ದಂತೆ ವಿಪರೀತ ಉಜ್ಜಿಕೊಳ್ಳುತ್ತಿದ್ದರೆ ಕಜ್ಜಿ, ಹೇನು, ಉಣ್ಣೆಯ ತೊಂದರೆ ಇರಬಹುದು.

ದಿನಾ ಹೊರಗೆ ಬಿಡಲೇಬೇಕಾ? ಎಷ್ಟು ಹೊತ್ತು?

ಬಿಡಲು ಜಾಗ ಇದ್ದರೆ ಬಿಡಿ. ಈ ಪುಟದಲ್ಲಿರುವ ಯಾವ ಸಲಹೆಯೂ ಇದಕ್ಕೆ ಸಮ ಅಲ್ಲ. ಮೇಲೆ ಹೇಳಿದ ಭಾರದ ಬಾಗಿಲಿನ ಪರೀಕ್ಷೆಯನ್ನು ಅದೇ ವಿಶ್ವವಿದ್ಯಾಲಯದವರು ಹುಲ್ಲುಗಾವಲಿಗೂ ಮಾಡಿದ್ದರು. ಹೊರಗೆ ಹೋಗಲು ಹಸುಗಳು ತಾಜಾ ಮೇವಿಗಷ್ಟೇ ಕಷ್ಟಪಟ್ಟವು, ಅದರಲ್ಲೂ ಸಂಜೆ, ರಾತ್ರಿ ಹೊತ್ತಿನಲ್ಲಿ.

ಸ್ವಿಟ್ಜರ್ಲೆಂಡಿನಲ್ಲಿ ಕಟ್ಟಿ ಸಾಕುವ ದನಗಳನ್ನು ವರ್ಷಕ್ಕೆ ಕಡಿಮೆ ಅಂದರೆ 90 ದಿನ ಹೊರಗೆ ಬಿಡಬೇಕು, ಎರಡು ವಾರಕ್ಕಿಂತ ಹೆಚ್ಚು ಸತತವಾಗಿ ಒಳಗೆ ಇಡಬಾರದು ಅಂತ ಕಾನೂನೇ ಇದೆ. ಹಿಮ ಬೀಳುವ ದೇಶದಲ್ಲಿ ಅದು ಸಾಧ್ಯ. ವರ್ಷವಿಡೀ ಹೊರಗೆ ಓಡಾಡಬಹುದಾದ ಹವೆ ಇರುವ ನಮ್ಮಲ್ಲಿ ಇನ್ನೂ ಸುಲಭ ಆಗಬೇಕಿತ್ತು. ಕಷ್ಟ ಇರುವುದು ಜಾಗದ್ದು, ಆಳಿನದು. ಮಲೆನಾಡು ಗಿಡ್ಡ ಬೆಳಿಗ್ಗೆ ಗುಡ್ಡಕ್ಕೆ ಹೋಗಿ ಸಂಜೆ ತಾನೇ ಹಟ್ಟಿಗೆ ಬರುವ ಹಸು. ಕಾಯುವವರಿಲ್ಲ ಅಂತ ಈಗ ಎಷ್ಟೋ ಮನೆಯಲ್ಲಿ ಅದನ್ನೂ ಹಗಲಿಡೀ ಕಟ್ಟುತ್ತಾರೆ. ಅಂಥ ಹಸುವಿಗೆ ಇದು ಎಲ್ಲರಿಗಿಂತ ಹೆಚ್ಚು ಕಷ್ಟ.

ಹಿತ್ತಲಲ್ಲಿ ಬೇಲಿ ಹಾಕಿದ ಸಣ್ಣ ಅಂಗಳ ಸಾಕು. ಭಾರತೀಯ ಮಾನಕ ಬ್ಯೂರೋ ಒಂದು ಹಸುವಿಗೆ ಮಾಡಿನ ಕೆಳಗೆ 3.5 ಚದರ ಮೀಟರ್, ತೆರೆದ ಜಾಗ 7 ಚದರ ಮೀಟರ್ ಅನ್ನುತ್ತದೆ. ತೆರೆದ ಜಾಗ ಅಂದರೆ ಸುಮಾರು 75 ಚದರ ಅಡಿ. ಅದೂ ಇಲ್ಲದಿದ್ದರೆ ಹಗ್ಗ ಹಿಡಿದು ದಿನಾ ಅರ್ಧ ಗಂಟೆ ನಡೆಸಿ. ಗೊರಸು ಸವೆದು ಹದಕ್ಕೆ ಬರುತ್ತದೆ, ಕಾಲಿಗೆ ಬಲ ಬರುತ್ತದೆ. ನಗರದಲ್ಲಿರುವವರು ಬೀದಿಗೆ ಬಿಟ್ಟು ಕೈತೊಳೆದುಕೊಳ್ಳುವುದು ಇದಕ್ಕೆ ಉತ್ತರ ಅಲ್ಲ. ಪ್ಲಾಸ್ಟಿಕ್ ತಿಂದು ಹೊಟ್ಟೆ ಕಟ್ಟಿ ಸಾಯುವ ಹಸುಗಳು ಆ ದಾರಿಯಲ್ಲೇ ಹೋದವು.

ತಿಂಗಳುಗಟ್ಟಲೆ ಕಟ್ಟಿದ್ದ ಹಸುವನ್ನು ಮೊದಲ ಸಲ ಬಿಟ್ಟಾಗ ಜಿಗಿಯುತ್ತದೆ, ಬಾಲ ಎತ್ತಿ ಓಡುತ್ತದೆ. ಜಾರುವ ನೆಲ ಇರದಂತೆ ನೋಡಿ. ಗಬ್ಬದ ಹಸುವಾದರೆ ನಿಧಾನಕ್ಕೆ ರೂಢಿ ಮಾಡಿಸಿ.

ಒಂದೇ ಹಸು ಇದ್ದರೆ ಅದಕ್ಕೆ ನಿಜವಾಗಿಯೂ ಒಂಟಿತನ ಕಾಡುತ್ತದಾ?

ಕಾಡುತ್ತದೆ. ದನ ಹಿಂಡಿನ ಪ್ರಾಣಿ. ಹಿಂಡಿನಿಂದ ಬೇರೆ ಮಾಡಿದರೆ ಎದೆಬಡಿತ ಏರುತ್ತದೆ, ಕೂಗುತ್ತದೆ, ಪದೇ ಪದೇ ಸಗಣಿ ಹಾಕುತ್ತದೆ. ಎತ್ತಿನ ಜೋಡಿಯಲ್ಲಿ ಒಂದನ್ನು ಮಾರಿದಾಗ ಉಳಿದದ್ದು ಮೇವು ಬಿಟ್ಟು ದಾರಿ ನೋಡುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಕಂಡಿದ್ದಾರೆ.

ಎರಡನೇ ಹಸು ಕೊಳ್ಳಿ ಅಂತ ಎಲ್ಲರಿಗೂ ಹೇಳಲಾಗದು. ಆದರೆ ಪಕ್ಕದ ಮನೆಯ ದನ ಕಾಣುವ ಹಾಗೆ ಕಟ್ಟಬಹುದು. ಗೋಡೆಗೆ ಮುಖ ಮಾಡಿ ಕಟ್ಟುವ ಬದಲು ಅಂಗಳಕ್ಕೆ, ಮನೆಯ ಓಡಾಟ ಕಾಣುವ ಕಡೆಗೆ ಮುಖ ಮಾಡಿಸಬಹುದು. ಅದರ ಹೆಣ್ಣುಕರುವನ್ನು ಮಾರದೆ ಉಳಿಸಿಕೊಂಡರೆ ತಾಯಿಗೂ ಜೊತೆಯಾಯಿತು. ಕುರಿ, ಮೇಕೆ ಹತ್ತಿರ ಇದ್ದರೂ ಒಂದಿಷ್ಟು ಸಮಾಧಾನ. ಒಂಟಿಯಾಗಿ ಇಟ್ಟ ಪಡ್ಡೆಯ ಮುಂದೆ ಕನ್ನಡಿ ಇಟ್ಟಾಗ ಅದರ ಎದೆಬಡಿತ ಇಳಿದದ್ದು 1999ರ ಒಂದು ಅಧ್ಯಯನದಲ್ಲಿ ಕಂಡಿದೆ. ಸ್ವಲ್ಪ ಹೊತ್ತಿಗೆ, ಉದಾಹರಣೆಗೆ ಕಾಯಿಲೆಗೆ ಬೇರೆ ಕಟ್ಟಿದಾಗ, ಇದು ಉಪಯೋಗಕ್ಕೆ ಬಂದೀತು. ಗಾಜಿನ ಕನ್ನಡಿ ಮಾತ್ರ ಬೇಡ, ಹಾಯ್ದರೆ ಒಡೆಯುತ್ತದೆ. ಹೊಳೆಯುವ ಸ್ಟೀಲ್ ತಗಡು ಆದೀತು.

ಹೆಸರಿಟ್ಟು ಕರೆದರೆ, ಮೈದಡವಿದರೆ ಹಾಲು ಜಾಸ್ತಿಯಾಗುತ್ತದಾ?

2009ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು 516 ರೈತರನ್ನು ವಿಚಾರಿಸಿ ಒಂದು ವರದಿ ಪ್ರಕಟಿಸಿದರು. ಹಸುಗಳನ್ನು ಹೆಸರು ಹಿಡಿದು ಕರೆಯುವವರ ಕೊಟ್ಟಿಗೆಯಲ್ಲಿ ಒಂದು ಹಸುವಿಗೆ ವರ್ಷಕ್ಕೆ 258 ಲೀಟರ್ ಹಾಲು ಜಾಸ್ತಿ ಇತ್ತು. ಹೆಸರಿನಿಂದಲೇ ಹಾಲು ಬಂತು ಅಂತ ಅರ್ಥ ಅಲ್ಲ. ಹೆಸರಿಟ್ಟು ಕರೆಯುವವರು ಬೇರೆ ವಿಷಯದಲ್ಲೂ ಹಸುವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಗೌರಿ, ಗಂಗೆ, ತುಂಗೆ ಅಂತ ಕರೆಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಮೊದಲಿಂದಲೂ ಇದೆ. ಡೇರಿ ದೊಡ್ಡದಾದ ಹಾಗೆ ಅದು ಕಿವಿಯ ನಂಬರಿಗೆ ಇಳಿಯದಿರಲಿ.

ಮೈದಡವುವುದರ ಬಗ್ಗೆ ಇನ್ನೂ ಖಚಿತವಾಗಿ ಹೇಳಬಹುದು. ಹಸುಗಳು ಒಂದನ್ನೊಂದು ಹೆಚ್ಚಾಗಿ ನೆಕ್ಕುವುದು ತಲೆ, ಕುತ್ತಿಗೆಯಲ್ಲಿ. ಅಲ್ಲೇ, ಅಂದರೆ ಕತ್ತಿನ ಕೆಳಗೆ ಗಂಗೆದೊಗಲಿನ ಕಡೆ ನಿಧಾನಕ್ಕೆ ಸವರಿದರೆ ಕತ್ತು ಚಾಚುತ್ತದೆ, ಕಿವಿ ಜೋಲುಬಿಡುತ್ತದೆ, ಎದೆಬಡಿತ ಇಳಿಯುತ್ತದೆ. ಹೆದರಿದ ಹಸು ಹಾಲು ಇಳಿಸುವುದಿಲ್ಲ ಅನ್ನುವುದಂತೂ ಕರೆಯುವವರಿಗೆಲ್ಲ ಗೊತ್ತು. ಒಂಟಿ ಹಸುವಿಗೆ ಹಿಂಡು ಅಂದರೆ ನೀವೇ. ದಿನಾ ಒಬ್ಬರೇ, ಒಂದೇ ಹೊತ್ತಿಗೆ, ಒಂದೇ ದನಿಯಲ್ಲಿ ಬಂದರೆ ಅದಕ್ಕೆ ನೆಮ್ಮದಿ. ಹಿಂದಿನಿಂದ ಸದ್ದಿಲ್ಲದೆ ಹೋಗಬೇಡಿ. ಅದಕ್ಕೆ ಸುತ್ತಲೂ ಕಾಣುತ್ತದೆ, ನೇರ ಹಿಂದೆ ಮಾತ್ರ ಕಾಣುವುದಿಲ್ಲ.

ಕೊಟ್ಟಿಗೆಯಲ್ಲಿ ರೇಡಿಯೋ ಹಾಕಬಹುದಾ?

ಸಣ್ಣ ದನಿಯಲ್ಲಿ ಹಾಕಬಹುದು. 2001ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದವರು ನಿಧಾನಗತಿಯ ಸಂಗೀತಕ್ಕೆ ಹಾಲು ಶೇಕಡಾ 3ರಷ್ಟು ಏರಿತು ಅಂದರು. ಅದನ್ನು ನಂಬಿ ಸ್ಪೀಕರ್ ಕೊಳ್ಳಬೇಡಿ. ಹಸುವಿನ ಕಿವಿ ನಮ್ಮದಕ್ಕಿಂತ ಚುರುಕು. ಜೋರು ಸದ್ದು, ಕೂಗಾಟ, ಕಬ್ಬಿಣದ ಬಕೆಟ್ ಕುಕ್ಕುವುದು ನಿಲ್ಲಿಸಿದರೆ ಅದೇ ದೊಡ್ಡ ಉಪಕಾರ.

ಕರುವನ್ನು ತಾಯಿಯಿಂದ ದೂರ, ಒಂದೇ ಕಟ್ಟುತ್ತೇವೆ. ಅದು ಹಗ್ಗ, ಗೋಡೆ, ಇನ್ನೊಂದು ಕರುವಿನ ಕಿವಿ ಚೀಪುತ್ತದೆ. ಬಿಡಿಸುವುದು ಹೇಗೆ?

ಚೀಪುವ ಆಸೆ ಮತ್ತು ಹಸಿವು ಎರಡೂ ಬೇರೆ. ತಾಯಿಯ ಕೆಚ್ಚಲಿನಲ್ಲಿ ಕರು ಒಂದು ಸಲಕ್ಕೆ ಹತ್ತು ನಿಮಿಷದವರೆಗೂ ಚೀಪುತ್ತದೆ. ಬಕೆಟ್ಟಿನ ಹಾಲು ಎರಡು ನಿಮಿಷದಲ್ಲಿ ಖಾಲಿ. ಹೊಟ್ಟೆ ತುಂಬಿತು, ಬಾಯಿಯ ಆಸೆ ಉಳಿಯಿತು. ಹಾಲಿನ ರುಚಿ ನಾಲಿಗೆಯಲ್ಲಿ ಇರುವಷ್ಟು ಹೊತ್ತು, ಅಂದರೆ ಕುಡಿದ ನಂತರದ ಹತ್ತು ನಿಮಿಷ, ಇದು ಜೋರಾಗಿರುತ್ತದೆ. ಆಗ ಏನು ಸಿಕ್ಕಿದರೂ ಚೀಪುತ್ತದೆ. ಜೊತೆಯ ಕರುವಿನ ಹೊಕ್ಕುಳು ಚೀಪಿದರೆ ಅಲ್ಲಿ ಕೀವಾಗಬಹುದು.

ಪರಿಹಾರ ಸುಲಭ. ನಿಪ್ಪಲ್ ಇರುವ ಬಕೆಟ್ಟಿನಲ್ಲೋ ಬಾಟಲಿಯಲ್ಲೋ ಹಾಲು ಕೊಡಿ. ಹಾಲು ಮುಗಿದ ಮೇಲೂ ನಿಪ್ಪಲನ್ನು ಹತ್ತು ನಿಮಿಷ ಬಿಡಿ. ಬಾಯಿ ಒರೆಸಿ ಒಂದು ಹಿಡಿ ಎಳೆ ಹುಲ್ಲು ಮುಂದಿಡಿ. ತಾಯಿಗೇ ಬಿಡುವ ಪದ್ಧತಿ ಇದ್ದರೆ, ಕರೆದಾದ ಮೇಲೆ ಕರುವನ್ನು ತಕ್ಷಣ ಎಳೆದುಕೊಂಡು ಹೋಗಬೇಡಿ. ಖಾಲಿ ಕೆಚ್ಚಲಾದರೂ ಸ್ವಲ್ಪ ಹೊತ್ತು ಚೀಪಲಿ. ತಾಯಿ ಅದನ್ನು ನೆಕ್ಕಲಿ.

ಕರುವನ್ನು ಕಟ್ಟಿಹಾಕುವುದೇ ಬೇಡ ಅನ್ನುತ್ತೇನೆ. ಕರುಗಳು ಬಾಲ ಎತ್ತಿಕೊಂಡು ಚಂಗನೆ ನೆಗೆಯುತ್ತವಲ್ಲ, ಅದು ಅವು ಚೆನ್ನಾಗಿರುವುದರ ನಿಜವಾದ ಗುರುತು. ಹಸಿದ ಕರು, ನೋವಿರುವ ಕರು ಆಡುವುದಿಲ್ಲ. ನಾಲ್ಕು ಹಲಗೆ ಅಡ್ಡ ಕಟ್ಟಿ ಸಣ್ಣ ದೊಡ್ಡಿ ಮಾಡಿ ಒಳಗೆ ಬಿಟ್ಟುಬಿಡಿ. ನಿಮ್ಮಲ್ಲೋ ಪಕ್ಕದಲ್ಲೋ ಅದೇ ವಯಸ್ಸಿನ ಇನ್ನೊಂದು ಕರು ಇದ್ದರೆ ಒಟ್ಟಿಗೆ ಬಿಡಿ. ಒಂಟಿಯಾಗಿ ಬೆಳೆದ ಕರು ಹೊಸದನ್ನು ಕಲಿಯುವುದರಲ್ಲಿ ಹಿಂದೆ ಬೀಳುತ್ತದೆ ಅಂತ 2014ರಲ್ಲಿ ಬ್ರಿಟಿಷ್ ಕೊಲಂಬಿಯಾದವರು ತೋರಿಸಿದ್ದಾರೆ. ಒಮ್ಮೆ ಕಲಿತ ಪಾಠವನ್ನು ತಿರುಗಿಸಿದಾಗ, ಜೋಡಿಯಾಗಿ ಬೆಳೆದವು ಬೇಗ ಹೊಂದಿಕೊಂಡವು, ಒಂಟಿಯವು ಹಳೆಯದಕ್ಕೇ ಅಂಟಿಕೊಂಡವು. ಯುರೋಪಿನ ಒಕ್ಕೂಟದಲ್ಲಿ ಎಂಟು ವಾರ ದಾಟಿದ ಕರುವನ್ನು ಒಂಟಿ ದೊಡ್ಡಿಯಲ್ಲಿ ಇಡುವಂತಿಲ್ಲ. ಅದಕ್ಕೂ ಚಿಕ್ಕದಾದರೆ, ಪಕ್ಕದ ಕರುವನ್ನು ನೋಡಲು, ಮುಟ್ಟಲು ಆಗುವಂಥ ಗೋಡೆ ಇರಬೇಕು. ಭೇದಿ ಹಿಡಿದ ಕರುವನ್ನು ಮಾತ್ರ ಬೇರೆ ಮಾಡಿ, ವಾಸಿಯಾದ ಕೂಡಲೇ ಮತ್ತೆ ಸೇರಿಸಿ.

ಹೋರಿಯನ್ನು ಒಂಟಿಯಾಗಿಯೇ ಕಟ್ಟಬೇಕಾಗುತ್ತದೆ. ಹಾಯುವ ಸ್ವಭಾವ ಬಂದಿದೆ.

ಕರುವಾಗಿದ್ದಾಗಿನಿಂದ ಒಂಟಿಯಾಗಿ, ಮನುಷ್ಯರ ಕೈಯಲ್ಲೇ ಬೆಳೆದ ಹೋರಿಗಳು ಮನುಷ್ಯರ ಮೇಲೆ ಹೆಚ್ಚು ಏರಿಹೋಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಹಿಯರ್‌ಫೋರ್ಡ್ ಹೋರಿಗಳ ಮೇಲೆ ನಡೆದ ಪ್ರಯೋಗ 1990ರಲ್ಲೇ ಇದನ್ನು ತೋರಿಸಿತು. ಹಾಗಾಗಿ ಹೋರಿಕರುವನ್ನು ಬೇರೆ ದನಗಳ ಜೊತೆಗೇ ಬೆಳೆಸಿ. ಬೆಳೆದ ಮೇಲೆ ಒಂಟಿಯಾದರೂ ಉಳಿದ ದನ ಕಾಣುವ ಕಡೆ ಕಟ್ಟಿ, ದಿನಾ ನಡೆಸಿ, ತಲೆ ಉಜ್ಜಲು ಗಟ್ಟಿ ಮರದ ತುಂಡು ನೆಡಿ. ಆಟಕ್ಕೆ ಅಂತ ಹಣೆಯಿಂದ ತಳ್ಳಲು ಮಕ್ಕಳು ಕಲಿಸಬಾರದು. ಮರಿಯಾಗಿದ್ದಾಗ ಮುದ್ದು, ದೊಡ್ಡದಾದಾಗ ಅದೇ ಪ್ರಾಣಕ್ಕೆ ಬರುತ್ತದೆ.

ಒಂದೇ ಹಸು, ಬೆದೆಗೆ ಬಂದದ್ದು ಗೊತ್ತಾಗುವುದಿಲ್ಲ. ಏನು ನೋಡಬೇಕು?

ಹಿಂಡಿನಲ್ಲಿದ್ದರೆ ಒಂದರ ಮೇಲೊಂದು ಹಾರುವುದರಿಂದ ತಿಳಿಯುತ್ತದೆ. ಒಂಟಿ ಹಸುವಿನಲ್ಲಿ ಆ ಗುರುತೇ ಇಲ್ಲ. ಹಾಗಾಗಿ ಅದರ ಮಾಮೂಲು ದಿನ ನಿಮಗೆ ಬಾಯಿಪಾಠ ಆಗಿರಬೇಕು. ಸುಮ್ಮನಿರುವ ಹಸು ಕೂಗುತ್ತದೆ, ಮಲಗುವುದು ಕಡಿಮೆ ಮಾಡುತ್ತದೆ, ಮೇವು ಬಿಡುತ್ತದೆ, ಹಾಲು ಸ್ವಲ್ಪ ಇಳಿಯುತ್ತದೆ, ಗಾಜಿನಂಥ ಲೋಳೆ ಬೀಳುತ್ತದೆ. ಸುಮಾರು 21 ದಿನಕ್ಕೊಮ್ಮೆ ಬರುವುದರಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ದಿನಾ ಹೊರಗೆ ಬಿಡುವ ಹಸುವಿನಲ್ಲಿ ಈ ಗುರುತುಗಳು ಚೆನ್ನಾಗಿ ಕಾಣುತ್ತವೆ.

ಕೈಯಲ್ಲಿ ದುಡ್ಡಿಲ್ಲ. ಎಲ್ಲಿಂದ ಶುರುಮಾಡಲಿ?

ಹಗ್ಗ ಉದ್ದ ಮಾಡಿ, ಒಣ ಹಾಸಿಗೆ ಹಾಕಿ, ರಾತ್ರಿಗೆ ಹುಲ್ಲು ಬಿಡಿ, ನೀರು ಮುಂದಿಡಿ. ಇದಕ್ಕೆ ಖರ್ಚು ಏನೂ ಇಲ್ಲದಷ್ಟು ಕಡಿಮೆ. ಆಮೇಲೆ ಬ್ರಷ್, ಆಮೇಲೆ ಅಂಗಳದ ಬೇಲಿ. ಚೆಂಡು, ಆಟಿಕೆ ತರುವುದು ಬೇಡ. ಒಂದೆರಡು ದಿನ ಮೂಸಿ ಬಿಟ್ಟುಬಿಡುತ್ತದೆ.

ಹಾಲು ಇಷ್ಟು ಲೀಟರ್ ಏರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಬದಲಾವಣೆ ಬೇರೆ ಕಡೆ ಮೊದಲು ಕಾಣುತ್ತದೆ. ರಾತ್ರಿ ಹತ್ತು ಗಂಟೆಗೆ ಹೋಗಿ ನೋಡಿ. ಹಸು ಮಲಗಿದೆಯಾ? ಮೆಲುಕು ಹಾಕುತ್ತಿದೆಯಾ? ಒಂದು ತುತ್ತನ್ನು 50ರಿಂದ 60 ಸಲ ಅಗಿದು ನುಂಗುತ್ತಿದೆಯಾ? ಮೊಣಕಾಲಿನ ಗಾಯ ಮಾಯುತ್ತಿದೆಯಾ?

ಕಟ್ಟಿಹಾಕುವುದರ ಬಗ್ಗೆ ನಮ್ಮ ದೇಶದಲ್ಲಿ ಕಾನೂನು ಇದೆಯಾ?

ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಅತಿಯಾಗಿ ಗಿಡ್ಡವಾದ ಅಥವಾ ಭಾರವಾದ ಹಗ್ಗ, ಸರಪಳಿಯಿಂದ ಮಿತಿಮೀರಿದ ಹೊತ್ತು ಕಟ್ಟಿಡುವುದು ಅಪರಾಧ. ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದೂ ಅಪರಾಧವೇ.

ಯಾವ ವರ್ತನೆ ಕಂಡರೆ ಇದೆಲ್ಲ ಬಿಟ್ಟು ನೇರ ಡಾಕ್ಟರ್ ಹತ್ತಿರ ಹೋಗಬೇಕು?

ಮೆಲುಕು ನಿಂತರೆ. ಹಲ್ಲು ಕಡಿಯುತ್ತಿದ್ದರೆ. ಹೊಟ್ಟೆಗೆ ಒದೆಯುತ್ತಿದ್ದರೆ. ಎಡಪಕ್ಕೆ ಉಬ್ಬಿದರೆ. ತಲೆಯನ್ನು ಗೋಡೆಗೆ ಒತ್ತಿ ನಿಂತರೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಸಾಧು ಹಸು ಇದ್ದಕ್ಕಿದ್ದಂತೆ ಏರಿಬಂದರೆ, ಒಡಕು ದನಿಯಲ್ಲಿ ಸತತ ಕೂಗಿದರೆ, ಜೊಲ್ಲು ಸುರಿಸಿದರೆ, ನುಂಗಲು ಆಗದಿದ್ದರೆ ರೇಬಿಸ್ ಇರಬಹುದು. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬೇಡಿ. ಮಕ್ಕಳನ್ನು ದೂರ ಇಡಿ, ಆ ಹಸುವಿನ ಹಾಲು ಬಳಸಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸಿ. ಜೊಲ್ಲು ಗಾಯಕ್ಕೋ ಕಣ್ಣು ಬಾಯಿಗೋ ತಾಗಿದ್ದರೆ ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ, ಕಣ್ಣು ಬಾಯಿಯನ್ನು ಬರಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.